ಗಾಡಿಯೊಳಗೇ ಇರುತ್ತಿದ್ದ ಲೈಸೆನ್ಸು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕೂಲರಿನ ಹುಲ್ಲು ಬದಲಿಸಿದ ಮಧ್ಯಾಹ್ನ ಮತ್ತು ನಮ್ಮ ಚಿಕ್ಕಪ್ಪ, ಅಂದರೆ ಕಾಕಾ, ಟೆಂಪೋ ಇಲ್ಲದೆ ಬಸ್ಸಿಳಿದು ನಡೆದು ಬಂದ ಸಂಜೆ, ಎರಡೂ ಒಂದೇ ದಿನದವು ಎಂದು ನನ್ನ ತಲೆಯಲ್ಲಿ ಕೂತಿದೆ. ಒಂದೇ ದಿನದವಾದರೆ ಆ ಟೆಂಪೋದ ಅಪಘಾತವಾದ ಹೊತ್ತಿಗೆ ಅಣ್ಣ ಸೇಡಂನ ನಮ್ಮ ಮನೆಯ ಮಾಳಿಗೆಯ ಮೇಲೆ, ನನ್ನ ಎದುರಿಗೇ, ಒಣಹುಲ್ಲನ್ನು ಜಾಳಿಗೆಗೆ ತುರುಕುತ್ತ ಕೂತಿದ್ದ. ಬೇರೆ ಬೇರೆ ದಿನದವಾದರೆ ಈ ವರ್ಷ ನಾನು ಮಾಡಿದ್ದೆಲ್ಲ ತಂಗಿಯ ಆಸೆ, ಅಷ್ಟೇ. ದಿನಚರಿ ಬರೆಯುವ ರೂಢಿ ನನಗೆ ಹತ್ತಿದ್ದು ಆಮೇಲೆ. ಆ ಬೇಸಿಗೆಯದೊಂದು ಸಾಲೂ ನನ್ನ ಬಳಿಯಿಲ್ಲ.

ಅಣ್ಣನಿಗೆ ಗಾಡಿ ಬಿಟ್ಟರೆ ಬೇರೆ ವಿದ್ಯೆ ಬಾರದು. ಕಳೆದ ವರ್ಷ ಕಾರ್ಖಾನೆಯೊಂದರ ಕೆಲಸಗಾರರ ಬಸ್ಸಿಗೆ ಚಾಲಕರು ಬೇಕೆಂದಾಗ ಅವನೂ ಹೋದ. ಓಡಿಸಿ ತೋರಿಸಿದ, ಒಪ್ಪಿದರು, ಸಮವಸ್ತ್ರದ ಅಂಗಿಯನ್ನೂ ಹೊಲಿಸಿಕೊಂಡ. ಆಮೇಲೆ ಪೊಲೀಸ್ ಪರಿಶೀಲನೆಯ ವರದಿ ಬಂತು, ಗುತ್ತಿಗೆದಾರ ಫೋನ್ ಮಾಡುವುದನ್ನು ನಿಲ್ಲಿಸಿದ. ಅಣ್ಣ ತಾನೇ ಹೋಗಿ ಕೇಳಿ ಬಂದು ಜಗುಲಿಯ ಮೇಲೆ ಕೂತ.

“ನನ್ನ ಮ್ಯಾಲ ಕೇಸ್ ಅದ ಅಂತ. ಶಿಕ್ಷಾ ಆಗ್ಯಾದಂತ.”

“ಯಾವ ಕೇಸು?” ಎಂದೆ.

“ವಾಡಿ ಕಡೀದು. ಅದು ಅವತ್ತೇ ದಂಡ ಕಟ್ಟಿ ಮುಗದಿತ್ತಲ್ಲ, ಇನ್ನೂ ಯಾಕ ಜೀವಂತ ಅದ?”

ನಮ್ಮ ಮನೆಯಲ್ಲಿ ಅದನ್ನು ಯಾರೂ ಶಿಕ್ಷೆ ಎಂದುಕೊಂಡಿರಲಿಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವ ದಂಡದಂಥದೇ, ಸ್ವಲ್ಪ ದೊಡ್ಡದು ಎಂದುಕೊಂಡಿದ್ದೆವು.

ಆಗ ಕಾಕಾನದೊಂದು ಟೆಂಪೋ ಇತ್ತು. ಶಹಾಬಾದಿನ ಕಲ್ಲುಹಾಸು ಹೇರಿಕೊಂಡು ಚಿತ್ತಾಪುರ, ಸೇಡಂ, ಒಮ್ಮೊಮ್ಮೆ ಚಿಂಚೋಳಿಯವರೆಗೂ ಹೋಗುತ್ತಿತ್ತು. ಅಣ್ಣನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೇ ಕಾಕಾ. ಆದರೆ ಲೈಸೆನ್ಸ್ ಇದ್ದದ್ದು ಅಣ್ಣನಿಗೆ ಮಾತ್ರ. ಕಾಕಾ ಪರೀಕ್ಷೆಗೆ ಕಲಬುರಗಿಗೆ ಹೋಗಲೇ ಇಲ್ಲ. ಹೋಗುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಇಬ್ಬರೂ ಪಾಳಿಯಂತೆ ಓಡಿಸುತ್ತಿದ್ದರು, ಲೈಸೆನ್ಸು ಮಾತ್ರ ಗಾಡಿಯ ಕಾಗದಪತ್ರಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸೀಟಿನ ಮುಂದೆಯೇ ಇರುತ್ತಿತ್ತು. ವಿಮೆಯಂತೆ, ಪರ್ಮಿಟ್ಟಿನಂತೆ ಅದೂ ಗಾಡಿಗೆ ಸೇರಿದ್ದು ಎಂಬುದು ನಮ್ಮ ಮನೆಯ ತಿಳುವಳಿಕೆ. ನಮ್ಮ ಓಣಿಯ ಇನ್ನೂ ಹಲವು ಮನೆಗಳಲ್ಲಿ ಇಂದಿಗೂ ಹಾಗೆಯೇ. ಕಾಲೇಜು ಕಲಿಯುತ್ತಿದ್ದ ನನಗೂ ಅದು ವಿಚಿತ್ರವೆನಿಸಿರಲಿಲ್ಲ.

ವಾಡಿ–ಶಹಾಬಾದ್ ರಸ್ತೆಯಲ್ಲಿ ಟೆಂಪೋ ಒಬ್ಬ ಹೆಂಗಸಿಗೆ ಬಡಿದು ಅವಳ ಕಾಲು ಮುರಿಯಿತು. ಜನ ಸೇರುವುದರೊಳಗೆ ಓಡಿಸುತ್ತಿದ್ದವರು ಹೊಲದೊಳಗೆ ಇಳಿದು ಹೋಗಿದ್ದರು. ಪೊಲೀಸರಿಗೆ ಸಿಕ್ಕಿದ್ದು ಗಾಡಿ ಮತ್ತು ಅದರೊಳಗಿದ್ದ ಲೈಸೆನ್ಸು. ಕೇಸು ಅದರ ಮೇಲಿನ ಹೆಸರಿಗೆ ಬಿತ್ತು. ಕೋರ್ಟಿನಿಂದ ಕರೆ ಬಂದಾಗ ಕಾಕಾ ಅಣ್ಣನನ್ನು ಕರೆದುಕೊಂಡು ಹೋದ, ಸಂಜೆ ಇಬ್ಬರೂ ಭಜಿ ಕಟ್ಟಿಸಿಕೊಂಡು ಬಂದರು. ಅದು ಮುಗಿಯಿತೆಂದು ನಾವೆಲ್ಲ ತಿಂದೆವು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ನೆನಪಿಗಿಂತ ದಾಖಲೆ ಗಟ್ಟಿ ಎಂದು ಮಕ್ಕಳಿಗೆ ಪಾಠ ಹೇಳುತ್ತೇನೆ. ದಾಖಲೆ ಹುಡುಕುವೆ, ಅಪಘಾತದ ತಾರೀಖು, ಹೊತ್ತು ನೋಡುವೆ, ಕೂಲರಿನ ಮಧ್ಯಾಹ್ನಕ್ಕೆ ಹೊಂದಿಸಿ ನೋಡುವೆ ಎಂದುಕೊಂಡೆ. ಮೊದಲು ಫೋನಿನಲ್ಲಿ ಕೋರ್ಟುಗಳ ಜಾಲತಾಣ ತೆರೆದು ಹುಡುಕಿದೆ. ಅದು ಕೇಸಿನ ನಂಬರು, ಇಸವಿ, ಕೋರ್ಟು ಎಲ್ಲವನ್ನೂ ಕೇಳುತ್ತದೆ. ಅದೆಲ್ಲ ಗೊತ್ತಿದ್ದರೆ ಹುಡುಕುವುದೇಕೆ? ಅಣ್ಣನಿಗೆ ಇಸವಿಯೇ ನೆನಪಿಲ್ಲ. ಹತ್ತಿರದ್ದೆಂದು ಸೇಡಂ ಕೋರ್ಟಿಗೆ ಹೋದೆ. ನಕಲು ಕೊಡುವ ಕಿಟಕಿಯಲ್ಲಿದ್ದವರು ನನ್ನ ಮಾತನ್ನು ಪೂರ್ತಿ ಕೇಳಿದರು.

“ಗಾಡಿ ಬಡದದ್ದು ಎಲ್ಲಿ ಅಕ್ಕಾರ?”

“ವಾಡಿ ಬಾಜೂಕ್ರಿ.”

“ಮತ್ತ ಸೇಡಂಕ ಯಾಕ ಬಂದ್ರಿ? ನಿಮ್ಮ ಮನಿ ಎಲ್ಲಿ ಅದ ಅಂತ ಕೇಳ್ಕೋತ ಕೇಸು ನಿಮ್ಮ ಬಾಗಲಿಗಿ ಬರ್ತದೇನ್ರಿ?” ಹಿಂದೆ ನಿಂತವರು ನಕ್ಕರು. “ಬಡದ ಜಾಗಾ ಯಾವ ಠಾಣಾಕ ಬರ್ತದ, ಆ ಠಾಣಾ ಯಾವ ಕೋರ್ಟಿಗಿ ಬರ್ತದ, ಅಲ್ಲಿ ಹೋಗ್ರಿ. ಚಿತ್ತಾಪುರ ನೋಡ್ರಿ ಮೊದಲ.”

ಚಿತ್ತಾಪುರದಲ್ಲಿ ಅರ್ಜಿ ಕೊಟ್ಟೆ. ಟೆಂಪೋ ನಂಬರನ್ನು ಹಳೆಯದೊಂದು ಫೋಟೋದಿಂದ ಓದಿ ಬರೆದುಕೊಂಡು ಹೋಗಿದ್ದೆ. ಠಾಣೆಯವರು ಅದರ ಮೇಲೆ ಕೇಸಿನ ನಂಬರು ಹುಡುಕಿಕೊಟ್ಟರು. ಕಾಲೇಜಿಗೆ ರಜೆ ಹಾಕಿ ಹೋದ ದಿನ ವಕೀಲರ ಮುಷ್ಕರ, ಇನ್ನೊಂದು ದಿನ ರೆಕಾರ್ಡ್ ರೂಮಿನ ಬೀಗದ ಕೈ ಯಾರದೋ ಜೊತೆ ಕಲಬುರಗಿಗೆ ಹೋಗಿತ್ತು. ಕೊನೆಗೆ ಕೈಗೆ ಬಂದದ್ದು ಆದೇಶದ ನಕಲು. ಉಳಿದ ಕಡತ, ಅಂದರೆ ದೂರು, ಸ್ಥಳದ ಪಂಚನಾಮೆ, ಸಾಕ್ಷಿಗಳ ಹೇಳಿಕೆ, ಇಡಬೇಕಾದಷ್ಟು ಕಾಲ ಇಟ್ಟು ನಿಯಮದಂತೆ ನಾಶ ಮಾಡಲಾಗಿತ್ತು. ಸಣ್ಣ ಕೇಸುಗಳ ಗತಿ ಅದೇ ಎಂದರು.

ಆವರಣದ ಬೇವಿನ ಕೆಳಗೆ ನಿಂತು ಓದಿದೆ. ತಾರೀಖೊಂದು ಇತ್ತು, ಹೊತ್ತು ಇರಲಿಲ್ಲ. ಬೇಸಿಗೆಯೇ ಹೌದು. ಆದರೆ ನಾನು ಕೂಲರಿನ ಹುಲ್ಲು ಹಿಡಿದು ನಿಂತದ್ದು ಯಾವ ತಾರೀಖು? ದಾಖಲೆ ತನ್ನ ಕಡೆಯದನ್ನು ಹೇಳಿತು, ನನ್ನ ಕಡೆಯದು ಖಾಲಿ. ಅದರ ಕೆಳಗಿನ ಸಾಲುಗಳು ಮಾತ್ರ ನೇರವಾಗಿದ್ದವು. ಆರೋಪಿಯು ಹಾಜರಿದ್ದಾನೆ. ಆರೋಪವನ್ನು ಓದಿ ತಿಳಿಸಲಾಯಿತು. ಆರೋಪಿಯು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿದ್ದಾನೆ. ಕಾಲು ಮುರಿದುಕೊಂಡವಳು ಕುರಕುಂಟಾದವಳೆಂದು ಅಲ್ಲಿಂದಲೇ ನನಗೆ ತಿಳಿದದ್ದು. ಸೇಡಂನಿಂದ ಕುರಕುಂಟಾ ಎಷ್ಟು ಮಹಾ ದೂರ? ನಮ್ಮಲ್ಲಿ ಯಾರೂ ಅವಳನ್ನು ನೋಡಲು ಹೋದ ನೆನಪಿಲ್ಲ. ಅಥವಾ ಹೋಗಿದ್ದರೋ, ನನಗೆ ಹೇಳಲಿಲ್ಲವೋ.

ಅಲ್ಲಿಯೇ ಕೂರುವ ವಕೀಲರೊಬ್ಬರಿಗೆ ಕಾಗದ ತೋರಿಸಿದೆ. ಓದಿ ಮಡಚಿ ವಾಪಸು ಕೊಟ್ಟರು.

“ಒಪ್ಪಿಕೊಂಡಾನಲ್ರಿ. ಒಪ್ಪಿಕೊಂಡ ಮ್ಯಾಲ ಅಪೀಲಿಗೆ ಜಾಗಾ ಇಲ್ಲ.”

“ಅವನು ಗಾಡಿಯಲ್ಲೇ ಇರಲಿಲ್ಲ ಅಂದ್ರ?”

“ಹಂಗ ಯಾರು ಹೇಳ್ತಾರ? ನೀವಾ? ತಂಗಿ ಮಾತು ಯಾರು ಕೇಳ್ತಾರ್ರಿ. ಖರೇ ಗಾಡಿ ಹೊಡದಾಂವ ಬಂದು ನಾ ಹೊಡದಿದ್ದೆ ಅಂದ್ರ ಮ್ಯಾಲಿನ ಕೋರ್ಟಿನ್ಯಾಗ ಏನರೆ ನೋಡಬಹುದು. ಇಷ್ಟು ವರ್ಷದ ಮ್ಯಾಲ ಯಾರು ಬರ್ತಾರ, ಹೇಳ್ರಿ?”

ಮನೆಗೆ ಬಂದು ಅಣ್ಣನಿಗೆ ಓದಿ ಹೇಳಿದೆ. ಸ್ವಇಚ್ಛೆಯಿಂದ ಎಂಬಲ್ಲಿ ಅವನು ನಕ್ಕ.

“ವಕೀಲ್ರು ಒಪ್ಕೊ, ಇವತ್ತೇ ಬಿಡ್ತಾರ ಅಂದ್ರು. ಕಾಕಾ ಬಾಜೂಕ ನಿಂತಿದ್ದ. ಲೈನಿನ್ಯಾಗ ಭಾಳ ಮಂದಿ ಇದ್ರು. ಎಲ್ಲಾರೂ ಒಪ್ಕೊಂಡ್ರು, ನಾನೂ ಒಪ್ಕೊಂಡೆ.”

“ಅವತ್ತು ನೀನು ನನ್ನ ಜೊತೆ ಕೂಲರ್ ರಿಪೇರಿ ಮಾಡಲಿಕತ್ತಿದ್ದಿ. ನೆನಪದೇನು?”

“ಕೂಲರ್ ವರ್ಷಾ ವರ್ಷಾ ರಿಪೇರಿ ಮಾಡ್ತೀವಲ್ಲ ತಂಗಿ.”

“ಹಂಗಾದ್ರ ಗಾಡಿ ನೀನೇ ಹೊಡದಿಯಾ?”

ಅವನು ಗೂಟಕ್ಕೆ ತೂಗಿದ್ದ, ಬಸ್ಸಿನ ಕೆಲಸಕ್ಕೆಂದು ಹೊಲಿಸಿದ ಅಂಗಿಯ ಕಡೆ ನೋಡಿದ. “ಪೊಲೀಸ್ರ ಮುಂದ ನಾನೇ ಅಂದೀನಿ, ವಕೀಲ್ರ ಮುಂದ ನಾನೇ ಅಂದೀನಿ, ಜಡ್ಜ್ ಸಾಹೇಬ್ರ ಮುಂದೂ ಅಂದೀನಿ. ಅಂದು ಅಂದು ಈಗ ಕಣ್ಣು ಮುಚ್ಚಿದ್ರ ಆ ಹೆಣ್ಮಗಳು ಅಡ್ಡ ಬಂದದ್ದು ಕಾಣಸ್ತದ. ನೋಡೀನೋ, ಕೇಳೀನೋ, ನನಗೇ ಗೊತ್ತಿಲ್ಲ. ಬಿಡು.”

ನನ್ನ ನೆನಪನ್ನು ನಾನು ಅನುಮಾನಿಸುವುದು ಓದಿನಿಂದ ಬಂದ ಚಟ ಎಂದುಕೊಂಡಿದ್ದೆ. ಅವನಿಗೆ ಅದನ್ನು ಕಲಿಸಿದ್ದು ನಾವೇ, ಮನೆಯವರು. ಈಗ ಅವನು ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಯಂತ್ರಕ್ಕೆ ನೀರು ಬಿಡುತ್ತಾನೆ. ಸಂಜೆ ಬಂದಾಗ ರೆಪ್ಪೆಯವರೆಗೂ ಬಿಳಿ ಧೂಳು.

ಕಾಕಾ ಈಗ ಸುಲೇಪೇಟದಲ್ಲಿ ಮಗಳ ಮನೆಯಲ್ಲಿದ್ದಾನೆ. ಅಳಿಯನ ಟೈರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅಣ್ಣನಿಗೆ ಹೇಳದೆ ಹೋದೆ.

“ಬಾ ಬಾ, ಮೇಡಮ್ಮೋರು ಬಂದ್ರು! ಕುಂದರ್ರಿ. ಲೇ, ಚಾ ಹೇಳ್ರೋ, ನಮ್ಮನ್ಯಾಗಿನ ದೊಡ್ಡ ಓದು ಬಂದದ.” ಆಮೇಲೆ ಸ್ವರ ತಗ್ಗಿಸಿ, “ಅಣ್ಣಗ ಕೆಲಸ ಆಯ್ತೇನ?” ಎಂದ.

ಕೆಲಸ ಸಿಗಲಿಲ್ಲವೆಂದೂ ಯಾಕೆ ಸಿಗಲಿಲ್ಲವೆಂದೂ ಹೇಳಿದೆ. ನಕಲನ್ನು ಅವನ ಮೊಣಕಾಲ ಮೇಲೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

“ಅದು ಆಗಿನ ಮಾತು. ದಂಡ ನಾನೇ ಕಟ್ಟೀನಲ್ಲ. ಅವನಿಗಿ ಒಂದು ರಾತ್ರಿನೂ ಒಳಗ ಇಡಾಕ ಬಿಟ್ಟಿಲ್ಲ ನಾ.”

ಅದು ಪ್ರೀತಿಯಿಂದಲೇ ಹೇಳಿದ ಮಾತು, ನನಗೆ ಗೊತ್ತಿತ್ತು. ವಕೀಲರು ಹೇಳಿದ್ದನ್ನು ಹೇಳಿದೆ: ಅವತ್ತು ಗಾಡಿ ಓಡಿಸಿದವನೇ ಬಂದು ಹೇಳಿದರೆ ಮಾತ್ರ ಏನಾದರೂ ಆಗಬಹುದು, ಅದೂ ಖಚಿತವಲ್ಲ. ಅವನ ವಯಸ್ಸು, ಮಗಳ ಮನೆಯಲ್ಲಿರುವ ಅವನ ಸ್ಥಿತಿ, ಎಲ್ಲ ಕಣ್ಣ ಮುಂದಿತ್ತು. ನನಗೆ ಬೇಕಾದದ್ದು ಅಣ್ಣನ ಕೆಲಸವೋ, ನನ್ನ ನೆನಪು ಸರಿಯಿತ್ತೆಂಬ ಸಮಾಧಾನವೋ ಎಂದು ಬಸ್ಸಿನಲ್ಲಿ ದಾರಿಯಿಡೀ ಕೇಳಿಕೊಂಡು ಬಂದಿದ್ದೆ. ಆದರೂ ಕೇಳಿದೆ. ಅವನು ಒಳಗಿನ ಕಂಪ್ರೆಸರನ್ನು ಆಫ್ ಮಾಡಲು ಕೂಗಿದ, ಆಮೇಲೆ ಮತ್ತೆ ಚಾ ತರಿಸಿದ. ಕೊನೆಗೆ ಬಸ್ಸಿನವರೆಗೂ ನನ್ನ ಜೊತೆ ನಡೆದು ಬಂದ, ಸೀಟು ಹಿಡಿದು ಕೊಟ್ಟ. ಅದಾದ ಮೇಲೂ ಹಲವು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಎಲ್ಲರ ಆರೋಗ್ಯ ವಿಚಾರಿಸುತ್ತಾನೆ, ಈ ಮಾತೊಂದನ್ನು ಎತ್ತುವುದಿಲ್ಲ. ನಾನು ಕೇಳಿದ್ದು ಹೀಗೆ:

“ಕಾಕಾ, ಅವತ್ತು ಹೊಲದಾಗ ಇಳದು ಓಡಿದವ್ರು ಯಾರು, ನೀನಾ, ಅಣ್ಣನಾ?”