ಒಂದೇ ಕೂಗಿಗೆ ಓಗೊಟ್ಟ ಚೆನ್ನಪ್ಪ

ಕಾಪುವಿನ ಚೆನ್ನಪ್ಪನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಊರ ನಾಯಿಗಳಿಗೂ ಗೊತ್ತಿತ್ತು. ಬೆನ್ನ ಹಿಂದೆ ನಿಂತು ಬೊಗಳಿ ಬೊಗಳಿ ಸೋತು ಅವು ಅವನ ಸುದ್ದಿಯನ್ನೇ ಬಿಟ್ಟಿದ್ದವು. ಗೊತ್ತಿಲ್ಲದೆ ಇದ್ದದ್ದು ಸರ್ಕಾರಕ್ಕೆ ಮಾತ್ರ. ಅದಕ್ಕೆ ಕಿವುಡೂ ಶೇಕಡಾ ಲೆಕ್ಕದಲ್ಲೇ ಬೇಕು. ನಲವತ್ತು ದಾಟಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಅಂಗವಿಕಲರ ಮಾಸಾಶನ. ಇಲ್ಲದಿದ್ದರೆ ಹೆಂಡತಿ ನಳಿನಾಕ್ಷಿ ಮೀನಿನ ಬುಟ್ಟಿ ಹೊತ್ತು ತಂದದ್ದರಲ್ಲೇ ಇಬ್ಬರ ಗಂಜಿ. ಅವಳ ಮೊಣಕಾಲೂ ಈಗ ಮೊದಲಿನ ಹಾಗೆ ಮಾತು ಕೇಳುತ್ತಿರಲಿಲ್ಲ.

ಚೆನ್ನಪ್ಪ ಆಯುಷ್ಯವೆಲ್ಲ ಕಳೆದದ್ದು ಮಲ್ಪೆಯ ಬೋಟುಗಳ ಹೊಟ್ಟೆಯೊಳಗೆ, ಇಂಜಿನ್ನಿನ ಪಕ್ಕ. ಕಿವಿ ಹೋದದ್ದೂ ಅಲ್ಲೇ. ಎಡಗಿವಿ ಪೂರ್ತಿ ಸತ್ತಿತ್ತು. ಬಲಗಿವಿಗೆ ಬಾಯಿಟ್ಟು ಕಿರುಚಿದರೆ ಮಾತು ಬಾಗಿಲ ಕಿರ್ರ್ ಸದ್ದಿನ ಹಾಗೆ ತಲುಪುತ್ತಿತ್ತು.

ಕಡಲಿನ ವಿದ್ಯೆಯನ್ನು ಅವನಿಗೆ ಕಲಿಸಿದವನು ಬೋಟು ನಡೆಸುತ್ತಿದ್ದ ಧನರಾಜ್ ತಂಡೇಲ. "ಕಡಲಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದು ಕೂಗಿಗೆ ಓ ಅನ್ನಬೇಡ, ಎರಡನೆಯದಕ್ಕೂ ಬೇಡ. ಮೂರನೆಯದು ಬಂದರೆ ಮನುಷ್ಯ. ಕುಲೆಗಳಿಗೆ ಮೂರು ಸಲ ಕರೆಯುವ ತ್ರಾಣ ಇಲ್ಲ ಮಾರಾಯ." ಕುಲೆಗಳೆಂದರೆ ಸತ್ತವರು. ಒಂದು ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ಧನರಾಜನನ್ನೇ ಅಲೆ ಎತ್ತಿಕೊಂಡು ಹೋಯಿತು. ಹೆಣ ಸಿಗಲಿಲ್ಲ. ಆದರೆ ಅವನು ಹೇಳಿದ್ದನ್ನು ಚೆನ್ನಪ್ಪ ಒಂದು ದಿನವೂ ಮೀರಲಿಲ್ಲ.

ಅದೇ ಉಡುಪಿಯ ಆಸ್ಪತ್ರೆಯಲ್ಲಿ ಎಡವಟ್ಟು ಮಾಡಿತು. ಕಿವಿ ಪರೀಕ್ಷೆಯ ಹುಡುಗಿ ಚೈತನ್ಯಾ ಅವನನ್ನು ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಶಬ್ದ ಕೇಳಿದಾಗಲೆಲ್ಲ ಒತ್ತಬೇಕೆಂದು ಸನ್ನೆ ಮಾಡಿ ಬಾಗಿಲು ಮುಚ್ಚಿದಳು. ಗಾಜಿನ ಆಚೆ ಕೂತು ಒಂದೊಂದೇ ಶಬ್ದ ಕಳಿಸಿದಳು. ಪರೀಕ್ಷೆ ಮುಗಿಸಿ, ಜೊತೆಗೆ ಬಂದಿದ್ದ ನಳಿನಾಕ್ಷಿಯ ಕಡೆ ತಿರುಗಿದಾಗ ಆ ಹುಡುಗಿಯ ಮುಖ ಬಿಗಿದಿತ್ತು.

"ಜೋರು ಶಬ್ದ ಕೊಟ್ಟರೂ ಮೂರಕ್ಕೊಂದು ಸಲ ಒತ್ತುತ್ತಾರೆ. ಲೆಕ್ಕ ಇಟ್ಟುಕೊಂಡು ಒತ್ತಬೇಕಾದರೆ ಎಲ್ಲ ಕೇಳಿಸುತ್ತದೆ ಅಂತ ಅಲ್ವಾ? ನಾಟಕ ಮಾಡುವವರಿಗೆ ಬರೆದುಕೊಡಲು ಆಗುವುದಿಲ್ಲ."

ನಳಿನಾಕ್ಷಿ ಕೋಣೆಯ ಬಾಗಿಲು ತೆರೆದು, ಗಂಡನ ಬಲಗಿವಿಗೆ ಬಾಯಿಟ್ಟು, "ಎಂತ ಮಾಡಿದ್ರಿ ನೀವು?" ಎಂದು ಕಿರುಚಿದಳು. ಚೆನ್ನಪ್ಪ ಮುಗ್ಧನಾಗಿ ಧನರಾಜನ ಮಾತನ್ನು ಹೇಳಿದ. ಆ ಕೋಣೆಯ ಹಾಗೆ ಕಣ್ಣಿಗೆ ಕಾಣದವರು ಕರೆಯುವ ಜಾಗದಲ್ಲಿ ಯಾರೂ ಮೊದಲ ಕೂಗಿಗೆ ಓಗೊಡುವುದಿಲ್ಲವಂತೆ.

ಚೈತನ್ಯಾಗೆ ನಗು ತಡೆಯಲಾಗಲಿಲ್ಲ. "ಕಾರ್ಕಳದಲ್ಲಿ ನನ್ನ ಅಜ್ಜಿಯೂ ಹೀಗೇ ಹೇಳುತ್ತಿದ್ದರು. ಇಲ್ಲಿ ಕುಲೆ ಗಿಲೆ ಎಂತದ್ದೂ ಇಲ್ಲ ಅಂತ ಹೇಳಿ ಅವರಿಗೆ. ಮೊದಲ ಶಬ್ದಕ್ಕೇ ಒತ್ತಲಿ. ಇನ್ನೊಂದು ಸಲ ನೋಡುವ."

ಬಾಗಿಲು ಮತ್ತೆ ಮುಚ್ಚಿತು. ಗಾಜಿನ ಆಚೆ ಚೈತನ್ಯಾ ಯಂತ್ರದಿಂದ ಕೈ ತೆಗೆದು ನಳಿನಾಕ್ಷಿಯ ಕಡೆ ತಿರುಗಿ ಏನೋ ಕೇಳುತ್ತಿದ್ದದ್ದು ಚೆನ್ನಪ್ಪನಿಗೆ ಕಾಣುತ್ತಿತ್ತು. ಆಗಲೇ ಕೇಳಿಸಿತು.

"ಚೆನ್ನಪ್ಪಾ."

ಎಡಗಿವಿಯಲ್ಲಿ, ಆ ಸತ್ತ ಕಿವಿಯಲ್ಲಿ. ಉಪ್ಪುಗಾಳಿಗೆ ಒಡೆದ ಧನರಾಜನ ದನಿ, ಪಕ್ಕದಲ್ಲೇ ಕೂತು ಬೀಡಿಗೆ ಬೆಂಕಿ ಕೇಳಿದಷ್ಟು ಸ್ಪಷ್ಟ. ಮೈಯ ಕೂದಲೆಲ್ಲ ನಿಮಿರಿ ನಿಂತವು. ಆದರೆ ಭಯಕ್ಕಿಂತ ಮೊದಲು ಬಂದದ್ದು ಸಂತೋಷ. ಮನುಷ್ಯನ ದನಿಯನ್ನು ದನಿಯಾಗಿ ಕೇಳಿ ಎಷ್ಟು ಕಾಲವಾಗಿತ್ತು! ಅವನು ಎರಡನೆಯ ಕೂಗಿಗೆ ಕಾದ. ಬರಲಿಲ್ಲ. ಒತ್ತದಿದ್ದರೆ ಸುಳ್ಳುಗಾರನೆಂದು ಕಳಿಸುತ್ತಾರೆ, ನಳಿನಾಕ್ಷಿ ಮತ್ತೆ ಬುಟ್ಟಿ ಹೊರಬೇಕು. ಬೆರಳು ಗುಂಡಿ ಒತ್ತಿತು. ಬಾಯಿ ತಾನಾಗಿ "ಓ" ಅಂದಿತು.

"ನಾನು ಶುರು ಮಾಡುವ ಮೊದಲೇ ಒಂದು ಸಲ ಒತ್ತಿದ್ದಾರೆ, ಗಡಿಬಿಡಿ ಆಗಿರಬೇಕು. ಉಳಿದದ್ದೆಲ್ಲ ಸರಿ ಉಂಟು," ಎಂದಳು ಚೈತನ್ಯಾ. ನಲವತ್ತು ಸಲೀಸಾಗಿ ದಾಟಿತ್ತು. ಡಾಕ್ಟರು ಸಹಿ ಹಾಕಿದರು. ಕಚೇರಿಯಿಂದ ಕಚೇರಿಗೆ ಅಲೆದು ಕೊನೆಗೂ ಮಾಸಾಶನ ಬಂತು. ನಳಿನಾಕ್ಷಿ ದೇವರಿಗೆ ಕೈಮುಗಿದು ಬುಟ್ಟಿಯನ್ನು ಮಗುಚಿ ಹಾಕಿದಳು.

ಮನೆಯಲ್ಲಿ ಕೂತ ಮೇಲೆಯೇ ಅವಳಿಗೆ ತಿಳಿದದ್ದು. ಹಾಡುಹಗಲು, ಊಟದ ತಟ್ಟೆಯ ಮುಂದೆ ಕೂತವನು ತಲೆಯೆತ್ತಿ "ಓ" ಅನ್ನುತ್ತಿದ್ದ. ಯಾರೂ ಇರುತ್ತಿರಲಿಲ್ಲ. ಮುಖದಲ್ಲಿ ಮಾತ್ರ ನೆಂಟರು ಬಂದಷ್ಟು ಕಳೆ. ಒಂದು ಮಧ್ಯಾಹ್ನ ಅವನು ತಟ್ಟೆ ಬಿಟ್ಟು ಎದ್ದು, "ಬಂದೆ ತಂಡೇಲರೇ" ಎನ್ನುತ್ತ ಅಂಗಳ ದಾಟಿ ಕಡಲ ದಂಡೆಯ ಮರಳಿಗೆ ಇಳಿದ. ನಳಿನಾಕ್ಷಿ ಹಿಂದಿನಿಂದ ಕರೆದಳು, ಕಿರುಚಿದಳು. ಕಾಲೆಳೆದುಕೊಂಡು ಓಡಿ, ನೀರು ಪಾದ ಮುಟ್ಟುವಲ್ಲಿ ಅವನ ಕೈ ಹಿಡಿದಳು.

"ದೈವ ಮೈಮೇಲೆ ಬರುವ ಪಾತ್ರಿಯ ಹತ್ತಿರ ಹೋಗುವ. ದೈವದಲ್ಲಿ ಹೇಳಿಸಿ ಇದನ್ನು ನಿಲ್ಲಿಸುವ," ಎಂದು ಬಲಗಿವಿಗೆ ಕೂಗಿದಳು.

ಎಂದೂ ಸಿಟ್ಟಾಗದವನು ಸಿಟ್ಟಾದ. "ಬೇಡ. ಅವನನ್ನೂ ನಿಲ್ಲಿಸಿದರೆ ನನ್ನನ್ನು ಕರೆಯುವವರು ಮತ್ತೆ ಯಾರುಂಟು?"

ದಿನವಿಡೀ ಅವನನ್ನು ಕರೆದು ಕರೆದು ಗಂಟಲು ಕಟ್ಟಿದ್ದ ನಳಿನಾಕ್ಷಿಗೆ ಅಳು ಒತ್ತಿಬಂತು. ಎರಡೂ ಕೈಯಲ್ಲಿ ಅವನ ಕೈ ಹಿಡಿದು ನಿಂತಳು. ಆ ಕೈ ಕಡಲಿನ ಕಡೆಗೇ ಎಳೆಯುತ್ತಿತ್ತು.