ರಟ್ಟಿನ ಮಚ್ಚು ಮತ್ತು ಡೇರಿಯಸ್‌ನ ಹದಿನಾರು ಸಾಲು

2023ರಲ್ಲಿ ನಾನು ಡೆಸ್ ಪ್ಲೇನ್ಸ್‌ನ ಒಂದು ಈವೆಂಟ್ ಕಂಪನಿಯಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದೆ. ಯಾರ ಮೈಕ್ ಯಾವಾಗ ತೆರೆಯಬೇಕು, ಯಾವಾಗ ಮ್ಯೂಟ್ ಮಾಡಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಆ ನವೆಂಬರ್‌ನಲ್ಲಿ ಒಂದು ಕನ್ನಡ ಸಂಘದ ರಾಜ್ಯೋತ್ಸವದ ಕೆಲಸ ನಮಗೆ ಬಂತು.

ಲೊಂಬಾರ್ಡ್‌ನ ಹೈಸ್ಕೂಲ್ ಹುಡುಗಿ ಅನನ್ಯಳ ಹಾಡೊಂದಿತ್ತು. ಅದರ ನಡುವೆ ಅವಳ ಸಹಪಾಠಿ, ಕಪ್ಪು ಹುಡುಗ ಡೇರಿಯಸ್‌ನ ಹದಿನಾರು ಸಾಲಿನ ರ‍್ಯಾಪ್. ಡೆಟ್ರಾಯ್ಟ್‌ನಲ್ಲಿ ಓದುತ್ತಿದ್ದಾಗ ಪೆಟ್ರೋಲ್ ಬಂಕಿನಲ್ಲಿ ಯಾರದೋ ಗುಂಡಿಗೆ ಸತ್ತ ಅಣ್ಣನ ಬಗ್ಗೆ ಡೇರಿಯಸ್ ತಾನೇ ಬರೆದದ್ದು. ತಾಯಿಯ ಮುಂದೆ ಅದನ್ನು ಮೊದಲ ಸಲ ಹಾಡುವವನಿದ್ದ.

ಬೆಳಗಿನ ರಿಹರ್ಸಲ್‌ನಲ್ಲಿ ಅವರಿಬ್ಬರ ಹಾಡು ಮುಗಿಯುತ್ತಲೇ ಸಾಂಸ್ಕೃತಿಕ ಸಮಿತಿಯ ರಾಘು ಅಂಕಲ್ ಬಂದರು.

"ಆ ಹುಡುಗನ ಪಾರ್ಟ್ ಬೇಡಮ್ಮಾ. ಗನ್, ಬ್ಲಡ್ ಅಂತೆಲ್ಲಾ ಇದೆ, ಫ್ಯಾಮಿಲಿ ಪ್ರೋಗ್ರಾಂ ಇದು. ಅವನಿಗೇನೂ ಹೇಳ್ಬೇಡ, ಪಾಪ. ಅವನ ಟರ್ನ್ ಬಂದಾಗ ಮೈಕ್ ಆಫ್ ಮಾಡ್ಬಿಡು. ಟೆಕ್ನಿಕಲ್ ಪ್ರಾಬ್ಲಂ ಅಂದ್ರಾಯ್ತು."

ಅವರ ಬೆನ್ನ ಹಿಂದೆ, ವೇದಿಕೆಯಲ್ಲಿ, ಆರು ಮಕ್ಕಳು ಸಿನಿಮಾ ಹಾಡಿಗೆ ರಟ್ಟಿನ ಮಚ್ಚು ಬೀಸುತ್ತಿದ್ದರು. ಎದುರಾಳಿಯ ತಲೆ ಕಡಿದು ಊರಬಾಗಿಲಿಗೆ ಕಟ್ಟುತ್ತೇನೆ ಎನ್ನುವ ಹಾಡು. ಎರಡೂ ಹಾಡಿನ ಹಿಂಸೆಯ ಪದಗಳನ್ನು ನಾನು ಎಣಿಸಿದೆ. ಡೇರಿಯಸ್‌ನ ಸಾಲುಗಳಲ್ಲಿ ಗನ್ ಎರಡು ಸಲ, ರಕ್ತ ಒಂದು ಸಲ. ಎಲ್ಲೂ ಅವನು ಹೊಡೆಯುವವನಲ್ಲ. ನಮ್ಮದರಲ್ಲಿ ಕಡಿ, ಕೊಚ್ಚು, ಸೀಳು ಸೇರಿ ಹತ್ತೊಂಬತ್ತು.

"ಹಾಗಾದ್ರೆ ಮಚ್ಚಿನ ಡ್ಯಾನ್ಸೂ ಕಟ್ ಮಾಡ್ಲಾ ಅಂಕಲ್?"

"ಅಯ್ಯೋ, ಅದು ಸಿನಿಮಾ ಕಣಮ್ಮಾ! ನಮ್ ಮಕ್ಕಳು ನಾಳೆ ಮಚ್ಚು ಹಿಡ್ಕೊಂಡು ಸ್ಕೂಲಿಗೆ ಹೋಗ್ತಾರಾ?"

"ಡೇರಿಯಸ್ ಗನ್ ಹಿಡ್ಕೊಂಡು ಹೋಗ್ತಾನಾ?"

"ನಾನು ಹಾಗಂದ್ನಾ? ಅವರ ಏರಿಯಾ, ಅವರ ಕಲ್ಚರ್... ನಿಂಗೂ ಗೊತ್ತಲ್ಲ."

ಅವರ ಏರಿಯಾ! ಡೇರಿಯಸ್‌ನ ಮನೆ ಇರುವುದು ಅಂಕಲ್ ಮನೆಯಿಂದ ಎರಡು ಬೀದಿ ಆಚೆ, ಅದೇ ಬಡಾವಣೆಯಲ್ಲಿ. ಮ್ಯಾನೇಜರ್‌ಗೆ ಫೋನ್ ಮಾಡಿದರೆ, ಕಸ್ಟಮರ್ ಹೇಳಿದಂತೆ ಮಾಡು ಎಂದ.

ಸಂಜೆ ಡೇರಿಯಸ್ ಮೈಕ್ ಎತ್ತಿಕೊಂಡಾಗ ಅಂಕಲ್ ಮೊದಲ ಸಾಲಿನಿಂದ ತಿರುಗಿ ನನಗೆ ಕೈಸನ್ನೆ ಮಾಡಿದರು. ನಾನು ಅವರ ಕಣ್ಣನ್ನೇ ನೋಡುತ್ತಾ ಅವನ ಧ್ವನಿಯನ್ನು ಇನ್ನಷ್ಟು ಏರಿಸಿದೆ. ಹದಿನಾರು ಸಾಲೂ ಕೇಳಿಸಿದವು. ಹಿಂದಿನ ಸಾಲಿನಲ್ಲಿ ಅವನ ತಾಯಿ ಎದ್ದು ನಿಂತರು. ಅನನ್ಯಳ ಗೆಳತಿಯರನ್ನು ಬಿಟ್ಟರೆ ಚಪ್ಪಾಳೆ ತಟ್ಟಿದವರು ಕಡಿಮೆ. ಮುಂದಿನ ಐಟಂ ಮಚ್ಚಿನದು, ಅದಕ್ಕೆ ಸಭೆಯೆಲ್ಲ ಸಿಳ್ಳೆ.

ಡೇರಿಯಸ್‌ನ ಸಾಲುಗಳಿಗೆ ಮಕ್ಕಳು ಹೆದರಿದರು ಎಂದು ಅಂಕಲ್ ಕಂಪನಿಗೆ ದೂರು ಬರೆದರು. ಆ ಮಕ್ಕಳು ಮಚ್ಚು ಹಿಡಿದು ಪರದೆಯ ಪಕ್ಕ ನಿಂತು ಡೇರಿಯಸ್‌ನ ತಾಳಕ್ಕೆ ತಲೆಯಾಡಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಸಂಘದ ಕೆಲಸ ನನಗೆ ಮತ್ತೆ ಕೊಡಲಿಲ್ಲ. ಬೇಡ. ಬಾಯಿ ಮುಚ್ಚಿಸುವವರು ತಾವೇ ಮುಚ್ಚಿಸುವುದಿಲ್ಲ, ಬಟನ್ ಬಳಿ ಕೂತವರಿಗೆ ಮೆಲ್ಲಗೆ ಹೇಳಿ ಹೋಗುತ್ತಾರೆ. ಕೂತವರು ಕೈ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.