ಬೀಗಿತ್ತಿಯ ಒಲೆಯಲ್ಲಿ ನನ್ನ ಬನ್ನು

ಈಸ್ಟನ್ನು ಕೊಂದವಳು ನಾನೇ. ಚಳಿಯೂ ಅಲ್ಲ, ಹಿಟ್ಟು ಹಳೆಯದಾಗಿತ್ತು ಅನ್ನುವುದೂ ಸುಳ್ಳು. ನನ್ನ ಮುಖ ಉಳಿಸಲು ಮಗಳು ಎರಡನ್ನೂ ಹೇಳಿ ನೋಡಿದಳು. ಕುದಿಯುವ ನೀರು ಸುರಿದದ್ದು ನನ್ನ ಕೈ.

ನಾನು ಜಂಗಮಕೋಟೆಯವಳು. ಓದಿದ್ದು ನಾಲ್ಕನೇ ಕ್ಲಾಸು. ಮಗಳು ಭಾಗ್ಯ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ನರ್ಸು, ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ. ಕಾಗದಪತ್ರ ಮಾಡಿಸಿ ಕಳೆದ ವರ್ಷ ನನ್ನನ್ನೂ ಕರೆಸಿಕೊಂಡಳು. ಇಲ್ಲಿ ಮನೆ ಬೆಚ್ಚಗಿದೆ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಬೀದಿಯಲ್ಲಿ ಒಬ್ಬರೂ ಜೋರಾಗಿ ಮಾತಾಡುವುದಿಲ್ಲ. ಊರಲ್ಲಿ ಐದಕ್ಕೆ ಎದ್ದರೆ ರೇಷ್ಮೆ ಹುಳುಮನೆ, ಹಸು, ಹಾಲಿನ ಡೈರಿ. ಇಲ್ಲಿ ಐದಕ್ಕೆ ಎದ್ದು ಕಿಟಕಿ ನೋಡುತ್ತಿದ್ದೆ. ಏನು ಮುಟ್ಟಿದರೂ ನೀನು ಕೂತ್ಕೋ ಅನ್ನುತ್ತಿದ್ದರು. ಕೆಲಸವಿಲ್ಲದ ಮನೆ ನೆಂಟರ ಮನೆ. ನೆಂಟಳಾಗಿ ಸಾಯಲು ನನಗೆ ಇಷ್ಟವಿರಲಿಲ್ಲ. ಮುಂದಿನ ಹುಳುಬೆಳೆಗೆ ಹೊರಡುತ್ತೇನೆ, ಟಿಕೆಟ್ ಮಾಡಿಸು ಅಂದುಬಿಟ್ಟೆ.

ಅಷ್ಟರಲ್ಲಿ ಕೆಳಗಿನ ಮನೆಯಲ್ಲಿರುವ ನನ್ನ ಬೀಗಿತ್ತಿ ಹೆಲ್ಗಾ ಹಿಮದ ಮೇಲೆ ಜಾರಿ ಕೈ ಮುರಿದುಕೊಂಡರು. ಭಾನುವಾರ ಬೆಳಗ್ಗೆ ಎಲ್ಲರಿಗೂ ಬ್ರೋಟ್ಶನ್ ಸುಡುವುದು ಆಕೆಯ ಕೆಲಸ. ಬ್ರೋಟ್ಶನ್ ಅಂದರೆ ಮುಷ್ಟಿಗಾತ್ರದ ಬನ್ನು. ನಮ್ಮ ಬೇಕರಿ ಬನ್ನಿನ ಹಾಗೆ ಸಿಹಿಯಲ್ಲ; ಮೇಲಿನ ಸಿಪ್ಪೆ ಗರಿಗರಿ, ಒಳಗೆ ಹತ್ತಿ. ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಂಗಡಿಯದನ್ನು ತರುವುದೆಂದರೆ ಆಕೆಗೆ ಸೋಲು. ನಾನು ಮಾಡುತ್ತೇನೆ ಅಂದೆ. ಅಂದದ್ದು ತೆಲುಗಿನಲ್ಲಿ. ನಮ್ಮ ಕಡೆ ಹೊರಗಿನವರು ಎದುರು ಬಂದರೆ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ಹೆಲ್ಗಾಗೆ ಕನ್ನಡವೂ ಒಂದೇ, ತೆಲುಗೂ ಒಂದೇ. ತಲೆ ಆಡಿಸಿದರು.

ಮುದ್ದೆ ತೊಳಸಿದ ಕೈಗೆ ಗೊತ್ತಿರುವುದು ಒಂದೇ ಪಾಠ, ಎಸರು ಕುದಿಯಬೇಕು. ಹಿಟ್ಟು ಉಬ್ಬಿಸುವ ಈಸ್ಟಿಗೆ ಇಲ್ಲಿ ಹೇಫೆ ಅನ್ನುತ್ತಾರೆ. ಅದರ ಮೇಲೆ ಕುದಿನೀರು ಸುರಿದು ಕಲಸಿದೆ. ಹನ್ನೆರಡು ಕಲ್ಲು ತಯಾರಾದವು. ಹೆಲ್ಗಾ ಒಂದನ್ನು ಮೇಜಿಗೆ ಕುಟ್ಟಿ, ಮಗಳ ಕಡೆ ತಿರುಗಿ ಏನೋ ಅಂದರು. ಅವಳು ಚಳಿ, ಹಳೇ ಹಿಟ್ಟು ಅಂತ ಹಾರಿಸತೊಡಗಿದಳು. ನಾನು ಬಿಡಲಿಲ್ಲ, ಕೊನೆಗೆ ಭಾಗ್ಯ ಇದ್ದದ್ದನ್ನು ಹೇಳಿದಳು.

"ಜೀವ ಇರೋದಂತೆ ಕಣಮ್ಮ ಇದು. ನಿಮ್ಮಮ್ಮಂಗೆ ಜೀವ ಇರೋದನ್ನ ಸಾಕಿ ಗೊತ್ತಿಲ್ವಾ ಅಂತ ಕೇಳ್ತಾವ್ರೆ."

ನಲವತ್ತು ವರ್ಷ ರೇಷ್ಮೆಹುಳು ಸಾಕಿದವಳಿಗೆ ಈ ಮಾತು.

ಮುಂದಿನ ಭಾನುವಾರ ಹಿಟ್ಟನ್ನು ಹುಳುವಿನ ಹಾಗೇ ಸಾಕಿದೆ. ನೀರನ್ನು ಮಣಿಕಟ್ಟಿನ ಮೇಲೆ ಹನಿಸಿ ನೋಡಿ ಹಾಕಿದೆ. ನಾದುವುದರಲ್ಲಿ ಈ ಬೀದಿಯಲ್ಲಿ ನನ್ನ ತೋಳಿಗೆ ಯಾರೂ ಸಮವಿಲ್ಲ. ಹುಳುಮನೆ ಒಣಗದಂತೆ ಗೋಣಿ ನೆನೆಸಿ ಕಟ್ಟುತ್ತೇವಲ್ಲ, ಹಾಗೆ ಒದ್ದೆ ಬಟ್ಟೆ ಮುಚ್ಚಿ ಹೀಟರಿನಿಂದ ಒಂದು ಮೊಳ ದೂರ ಇಟ್ಟೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಯಾರೂ ಮುಟ್ಟುವಂತಿಲ್ಲ. ಭಾಗ್ಯ ಬಟ್ಟೆ ಎತ್ತಲು ಬಂದಳು.

"ಜ್ವರಕ್ಕೆ ಕೂತೈತೆ, ಮುಟ್ಬೇಡ ಕಣೇ," ಅಂದೆ.

ಹಿಟ್ಟು ಎರಡರಷ್ಟಾಯಿತು. ಉಂಡೆ ಕಟ್ಟಿ, ಮತ್ತೆ ಉಬ್ಬಲು ಬಿಟ್ಟು, ನೆತ್ತಿಗೆ ಬ್ಲೇಡಿನಿಂದ ಗೀರಿ ಒಲೆಗಿಟ್ಟೆ. ಕೆಳಗೊಂದು ತಟ್ಟೆ ಬಿಸಿನೀರು ಇಡಲು ಹೆಲ್ಗಾ ಬೆರಳು ತೋರಿಸಿದರು. ಆ ಆವಿಯಿಂದಲೇ ಸಿಪ್ಪೆ ಗರಿಯಾಗುವುದು. ಅದು ಅವರ ವಿದ್ಯೆ, ನನ್ನದೆಂದು ಹೇಳಿಕೊಳ್ಳುವುದಿಲ್ಲ.

ಹೊರಗೆ ತೆಗೆದಾಗ ಬನ್ನುಗಳು ಚಟಚಟ ಅಂದವು. ಹೆಲ್ಗಾ ಬೆಣ್ಣೆಗೂ ಕಾಯದೆ ಒಂದು ತಿಂದರು, ಇನ್ನೊಂದು ತಿಂದರು. ಚೆನ್ನಾಗಿದೆ ಅನ್ನಲಿಲ್ಲ, ಆಕೆಯೂ ನನ್ನ ಹಾಗೆ, ಹೊಗಳುವ ಪೈಕಿಯಲ್ಲ. ಕೈ ಕಟ್ಟು ಬಿಚ್ಚಿದ ಮೇಲೂ ಭಾನುವಾರ ಹಿಟ್ಟು ಇವರದೇ, ನಾನು ಒಲೆ ನೋಡಿಕೊಳ್ಳುತ್ತೇನೆ ಅಂದರು ಅಂತ ಭಾಗ್ಯ ತಿಳಿಸಿದಳು. ನಾನು ನನ್ನ ಬನ್ನಿಗೆ ಊರಿನ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿಕೊಂಡೆ. ಬಾಯಿಗೆ ಊರು ಬಂತು. ಕಣ್ಣಲ್ಲಿ ನೀರೇನೂ ಬರಲಿಲ್ಲ. ಎರಡು ತಿಂದೆ.

ಮರುದಿನ ಬೆಳಗ್ಗೆ ಜಂಗಮಕೋಟೆಗೆ ಫೋನ್ ಮಾಡಿದೆ. ಯಾವತ್ತು ಬರ್ತೀರಾ ಅತ್ತೆ, ಹುಳ ತರೋದಾ ಬೇಡ್ವಾ ಅಂತ ಅಲ್ಲಿ ಮನೆ ನೋಡಿಕೊಳ್ಳುತ್ತಿರುವ ಸೊಸೆ ಕೇಳಿದಳು.

"ತಂದ್ಬಿಡು. ಈ ಬೆಳೆ ನೀನೇ ನೋಡ್ಕೊಳಮ್ಮ, ಮುಂದಿನ ಬೆಳೆಗೆ ಬರ್ತೀನಿ," ಅಂದೆ. "ಇಲ್ಲಿ ಭಾನುವಾರ ನಂಗೆ ಕೆಲಸ ಐತೆ."